ಏಳು ದಿನ ಬಿಟ್ಟೀನಿ, ಸೋತಿಲ್ಲ

1/8
ಫೋಟೋದಾಗ ಇರೋದು ನನ್ನ ವಾಕಿಂಗ್ ಶೂ. ಏಳು ದಿನದಿಂದ ಬಾಗಿಲ ಹಿಂದ ಹಿಂಗ ಕುಂತಾವು. ಒಂದರಾಗ ಜೇಡ ಬಲಿ ಕಟ್ಟೇತಿ, ಝೂಮ್ ಮಾಡಬ್ಯಾಡ್ರಿ.

ಪಂಚಮಿ ಹಬ್ಬಕ್ಕ ಒಂದು ವಾರ ವ್ಯಾಯಾಮ ಬಂದ್ ಅಂತ ಸ್ಟೋರಿ ಹಾಕಿದ್ದೆ. ಹಾಕಿದ್ದ ತಡ, ಮೆಸೇಜ್ ಮ್ಯಾಲೆ ಮೆಸೇಜ್. "ಆತು ಬಿಡು, ಮುಗೀತು ನಿನ್ನ ಕಥಿ." "ಆರು ತಿಂಗಳ ಕಷ್ಟ ಆರು ದಿನದಾಗ ನೀರಾಗ ಹೋಗತೈತಿ ನೋಡು." ಒಬ್ಬ ಕ್ಲಾಸ್‌ಮೇಟ್ ಬರೀ ಆನಿ ಇಮೋಜಿ ಕಳಿಸಿದ. ಅವನಿಗೆ ಇಂಟರ್ನಲ್ಸ್ ಟೈಮಿಗೆ ನೋಟ್ಸ್ ಸಿಗೂದಿಲ್ಲ, ಆ ಮಾತು ಬ್ಯಾರೆ.

ಆದ್ರ ಒಂದು ಮೆಸೇಜ್ ಓದಿ ಸುಮ್ನ ಕುಂತುಬಿಟ್ಟೆ. ನಮಗಿಂತ ಒಂದು ವರ್ಷ ಚಿಕ್ಕಾಕಿ. "ಅಕ್ಕಾ, ನಾನೂ ಬಿಟ್ಟೀನಿ. ಹದಿನೈದು ದಿನ ಆತು. ಮತ್ತ ಶುರು ಮಾಡಾಕ ನಾಚಿಕಿ ಬರತೈತಿ. ಎಲ್ಲಾರೂ ಕೇಳತಾರ ಅಂತ ಕ್ಲಾಸಿಗೆ ಬರಾಕೂ ಮನಸ್ಸಿಲ್ಲ. ಮಧ್ಯಾಹ್ನದ ಊಟ ಬಿಟ್ಟೀನಿ, ಅಷ್ಟರ ಸರಿ ಹೋಗಲಿ ಅಂತ."

ಈ ಸರಣಿ ಅಕಿ ಸಲುವಾಗಿ. ಹೆಸರು ಹೇಳೂದಿಲ್ಲ, ಕೇಳಬ್ಯಾಡ್ರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡತೀನಿ. ತೂಕ ಇಳಿಸೋವಾಗ ಒಂದು ವಾರ ವ್ಯಾಯಾಮ ಬಿಟ್ಟರೆ ಹೇಳಿಕೊಳ್ಳುವಂಥ ನಷ್ಟ ಏನೂ ಇಲ್ಲ. ನಷ್ಟ ಆಗೋದು ಆಮೇಲೆ, "ತಪ್ಪು ಮಾಡಿದೆ" ಅಂತ ಉಪವಾಸ ಬಿದ್ದು ಡಬಲ್ ಓಡಾಕ ಹೋದಾಗ. ಇದನ್ನ ನಾನು ಪುಸ್ತಕ ಓದಿ ಹೇಳಾಕತ್ತಿಲ್ಲ. ಮೊದಲ ಸಲ ಹಂಗ ಮಾಡಿ ಬಸ್ ಸ್ಟ್ಯಾಂಡ್‌ನ್ಯಾಗ ಬಿದ್ದೀನಿ. ಆ ಕಥಿ ಮುಂದಿನ ಪೋಸ್ಟ್‌ನ್ಯಾಗ.

2/8
ಇದು ಹಳೇ ಸ್ಕ್ರೀನ್‌ಶಾಟ್. "ದಿನ 41" ಅಂತ ಬರೆದಿದ್ದೆ, ಬೆಂಕಿ ಇಮೋಜಿ ಸಮೇತ. ಅದರ ನಂತರ "ದಿನ 42" ಇಲ್ಲ.

ಸಂಕ್ರಾಂತಿ ಆದ ಮ್ಯಾಲೆ ಶುರು ಮಾಡಿದಾಗ ನನ್ನ ತೂಕ 71 ಕೆ.ಜಿ. ಕಾಕಾನ ಅಂಗಡಿಯೊಳಗ ಹೆಸರು ಚೀಲ ತೂಗೋ ಕಾಟಾದ ಮ್ಯಾಲೆ ನಿಂತು ನೋಡಿದ್ದು. ಮುಂಜಾನೆ ಪಕ್ಕದ ಮನಿ ಅಕ್ಕನ ಜೋಡಿ ಕುಂದಗೋಳ ರಸ್ತೆ ಹಿಡಿದು ನಡೆಯೋದು, ಹೋಗಿ ಬಂದು 5 ಕಿ.ಮೀ. ಬಂದು ಮಾಳಗಿ ಮ್ಯಾಲೆ ಒಂದಿಷ್ಟು ಸ್ಕಿಪ್ಪಿಂಗ್. ಛಲೋ ನಡೆದಿತ್ತು.

ಏಪ್ರಿಲ್‌ನಲ್ಲಿ ನಾವು ಐದು ಮಂದಿ ಗೆಳತ್ಯಾರು "75 ಹಾರ್ಡ್" ಶುರು ಮಾಡಿದ್ವಿ. ಅಮೆರಿಕದ ಆಂಡಿ ಫ್ರಿಸೆಲ್ಲಾ ಅನ್ನೋರು 2019ರಲ್ಲಿ ತಂದ ಚಾಲೆಂಜ್ ಇದು. ದಿನಕ್ಕೆ ಎರಡು ಸಲ 45 ನಿಮಿಷ ವ್ಯಾಯಾಮ, ಅದರಾಗ ಒಂದು ಸಲ ಮನಿ ಹೊರಗ ಮಾಡಬೇಕು. ಡಯಟ್ ತಪ್ಪಂಗಿಲ್ಲ. ಸುಮಾರು ಮೂರೂಮುಕ್ಕಾಲು ಲೀಟರ್ ನೀರು, ಹತ್ತು ಪುಟ ಓದು, ದಿನಾ ಒಂದು ಫೋಟೋ. ಇದರಾಗ ಒಂದು ತಪ್ಪಿದ್ರೂ ಮತ್ತ 1ನೇ ದಿನದಿಂದ ಶುರು.

42ನೇ ದಿನ ನನಗ ಜ್ವರ ಬಂತು. 102 ಡಿಗ್ರಿ. ಎರಡು ದಿನ ಹಾಸಿಗಿ ಬಿಟ್ಟು ಏಳಲಿಲ್ಲ. ಗ್ರೂಪಿನ್ಯಾಗ ಉಳಿದವರು 43, 44 ಅಂತ ಹಾಕಾಕತ್ತಿದ್ರು. ನಂದು ಮತ್ತ 1.

41 ದಿನ ಬೆವರು ಸುರಿಸಿದ್ದು ಸೊನ್ನಿ ಆತಲ್ಲ ಅಂತ ಅನ್ನಿಸಿತು. ಸಿಟ್ಟು ಯಾರ ಮ್ಯಾಲೆ? ನನ್ನ ಮ್ಯಾಲೆ. ಮುಂಜಾನೆ ಬರೇ ಚಾ, ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಮಜ್ಜಿಗಿ. ಎರಡು ಹೊತ್ತು ವ್ಯಾಯಾಮ. ಮೇ ತಿಂಗಳ ಬಿಸಲು. ಒಂಬತ್ತನೇ ದಿನ ಹುಬ್ಬಳ್ಳಿಯೊಳಗ ಬಸ್ಸಿಗೆ ನಿಂತಾಗ ಕಣ್ಣಿಗೆ ಕತ್ತಲಿ ಬಂತು. ಎಚ್ಚರ ಆದಾಗ ಯಾರೋ ಒಬ್ಬ ಅವ್ವಾರು ತಮ್ಮ ಸೆರಗಿನಿಂದ ಗಾಳಿ ಹಾಕಾಕತ್ತಿದ್ರು. "ಯವ್ವಾ, ಏನರ ಉಂಡೀ ಇಲ್ಲೋ?" ಅಂದ್ರು. ಇಲ್ಲ ಅನ್ನಾಕ ನಾಚಿಕಿ ಆತು.

3/8
ರಕ್ತದ ರಿಪೋರ್ಟ್. ಹೆಸರಿನ ಮ್ಯಾಲೆ ಬೆರಳು ಇಟ್ಟೀನಿ, ನಂಬರ್ ಮ್ಯಾಲೆ ಇಟ್ಟಿಲ್ಲ.

ಹಿಮೋಗ್ಲೋಬಿನ್ 9.4. ನಮ್ಮ ವಯಸ್ಸಿನ ಹೆಣ್ಮಕ್ಕಳಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಡಾಕ್ಟರ್ ಬೈಯಲಿಲ್ಲ. "ಊಟಾ ಬಿಟ್ಟು ಎರಡೆರಡು ಹೊತ್ತು ಓಡಿದ್ರ ಮತ್ತೇನ್ ಆಗತೈತವಾ?" ಅಂತ ಇಷ್ಟ ಕೇಳಿದ್ರು. ಕಬ್ಬಿಣದ ಗುಳಿಗಿ ಬರೆದುಕೊಟ್ಟು, ಒಂದು ವಾರ ವಾಕಿಂಗ್ ಸೈತ ಬ್ಯಾಡ ಅಂದ್ರು.

ನಾ ಒಬ್ಬಾಕಿ ಹಿಂಗ ಅಂತ ತಿಳಕೋಬ್ಯಾಡ್ರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಮಕ್ಕಳಲ್ಲಿ 57 ಪರ್ಸೆಂಟ್ ಮಂದಿಗೆ ರಕ್ತ ಕಡಿಮೆ. ಅಂದ್ರ ನಮ್ಮ ಕ್ಲಾಸಿನ ಬೆಂಚಿನ ಮ್ಯಾಲೆ ಇಬ್ಬರು ಕುಂತರ ಅದರಾಗ ಒಬ್ಬಾಕಿ. ದಪ್ಪ ಇದ್ದವರಿಗೆ ರಕ್ತ ಛಲೋ ಇರತೈತಿ ಅಂತ ನಮ್ಮ ಮನ್ಯಾಗೂ ತಿಳಿದಿದ್ರು. ಹಂಗೇನಿಲ್ಲ. ತೂಕ ಹೆಚ್ಚಿದ್ದು ರಕ್ತ ಕಡಿಮೆ ಇರಬಹುದು, ನನಗ ಇತ್ತಲ್ಲ.

ಇಂಥ ಮೈಗೆ "ಒಂದು ದಿನ ತಪ್ಪಿದ್ರ ಮತ್ತ ಮೊದಲಿಂದ" ಅನ್ನೋ ರೂಲ್ ಯಾಕ? ಆ ಚಾಲೆಂಜ್ ಮನಸ್ಸು ಗಟ್ಟಿ ಮಾಡಾಕ ಅಂತ ಹೇಳತಾರ. ಇರಬಹುದು, ಮಾಡಿದವರಿಗೆ ನಮಸ್ಕಾರ. ಆದ್ರ ಜ್ವರ ಬಂದು ಮಲಗಿದ್ದನ್ನೂ ಸೋಲು ಅಂತ ಎಣಿಸೋ ಲೆಕ್ಕ ನನಗ ಬ್ಯಾಡ. ತಿಂಗಳಾ ಮೂರು ದಿನ ಹೊಟ್ಟಿ ಹಿಡಕೊಂಡು ಮಲಗೋರು ನಾವು. ನಮ್ಮನ್ನ ನೆನಸಿಕೊಂಡು ಆ ರೂಲ್ ಬರೆದಂಗ ಕಾಣೂದಿಲ್ಲ.

ಇನ್ನ ಚಾಲೆಂಜ್‌ನ್ಯಾಗ ಇಳಿದ ಎರಡು ಕೆ.ಜಿ. ಏನಾತು? ಜೂನ್ ಮುಗಿಯೋದ್ರೊಳಗ ಮೂರಾಗಿ ವಾಪಸ್ ಬಂತು. ಬಡ್ಡಿ ಸಮೇತ.

4/8
ಬಿಕಾಂ ಓದಿದ್ದಕ್ಕ ಒಂದರ ಉಪಯೋಗ ಆಗಲಿ ಅಂತ ನೋಟ್‌ಬುಕ್‌ನ ಕಡೇ ಪುಟದಾಗ ಲೆಕ್ಕ ಹಾಕೀನಿ. ಅಕ್ಷರ ಛಲೋ ಇಲ್ಲ, ಲೆಕ್ಕ ಛಲೋ ಐತಿ.

ಪ್ರಶ್ನೆ: ಒಂದು ವಾರ ವಾಕಿಂಗ್ ಬಿಟ್ಟರೆ ನಷ್ಟ ಎಷ್ಟು?

65 ಕೆ.ಜಿ. ತೂಕದವರು 5 ಕಿ.ಮೀ. ನಡೆದ್ರ ಖರ್ಚಾಗೋದು ಸುಮಾರು 200ರಿಂದ 250 ಕ್ಯಾಲೊರಿ. ಏಳು ದಿನಕ್ಕೆ ಹೆಚ್ಚಂದ್ರ 1,750. ಮೈಯಾಗಿನ ಒಂದು ಕೆ.ಜಿ. ಕೊಬ್ಬು ಅಂದ್ರ ಸುಮಾರು 7,700 ಕ್ಯಾಲೊರಿ. ಭಾಗಾಕಾರ ಮಾಡ್ರಿ. ಉತ್ತರ 230 ಗ್ರಾಂ ಹತ್ತಿರ.

ಇಷ್ಟ. ಪಾವು ಕಿಲೋನೂ ಆಗೂದಿಲ್ಲ. ಇದರ ಸಲುವಾಗಿ ನಾವು ಕನ್ನಡಿ ಮುಂದ ಅಳೋದು.

ಇನ್ನೊಂದು ಲೆಕ್ಕ. ಅಂಗೈಯಾಗ ಹಿಡಿಯುವಷ್ಟು, 40 ಗ್ರಾಮಿನ ಒಂದು ಶೇಂಗಾ ಉಂಡಿಯಲ್ಲಿ ಸುಮಾರು 190 ಕ್ಯಾಲೊರಿ. ಅಂದ್ರ ಒಂದು ತಾಸು ನಡೆದದ್ದು ಹೆಚ್ಚೂಕಡಿಮೆ ಒಂದು ಉಂಡಿಗೆ ಸಮ. ತೂಕ ಇಳಿಯೋದು ಹೆಚ್ಚಾಗಿ ಊಟದ ತಾಟಿನ್ಯಾಗ ನಿರ್ಧಾರ ಆಗತೈತಿ. ನಡೆಯೋದು ಯಾಕ ಬೇಕು ಅಂದ್ರ ಎದಿಗೆ, ಮಂಡಿಗೆ, ನಿದ್ದಿಗೆ, ಮನಸ್ಸಿಗೆ. ಇಳಿದ ತೂಕ ಮತ್ತ ಏರದಂಗ ಹಿಡಿದಿಡಾಕ. ಹಂಗಂತ ಒಂದು ವಾರ ತಪ್ಪಿದ್ರ ಇವೆಲ್ಲ ಕಳಕೊಳ್ಳೂದಿಲ್ಲ. ಒಂದು ವಾರದಾಗ ಸ್ನಾಯು ಕರಗಂಗಿಲ್ಲ. ಕಸುವು ಎರಡು-ಮೂರು ವಾರ ಹಂಗ ಇರತೈತಿ. ದಮ್ಮು ಮಾತ್ರ ಸ್ವಲ್ಪ ಮೊದಲು ಇಳಿಯಾಕ ಶುರು ಆಗತೈತಿ, ಅದೂ ಎರಡು ವಾರದ ಹೊತ್ತಿಗೆ ಎದ್ದು ಕಾಣತೈತಿ.

ವಿಶ್ವ ಆರೋಗ್ಯ ಸಂಸ್ಥೆ 2020ರ ಸಲಹೆಯಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಅಂತ ಹೇಳೇತಿ. ದಿನಕ್ಕ ಇಷ್ಟ ಆಗಲೇಬೇಕು ಅಂತ ಕೋಲು ಹಿಡಕೊಂಡು ನಿಂತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ತಂದ ಆಹಾರ ಮಾರ್ಗಸೂಚಿಯಲ್ಲೂ ವಾರಕ್ಕೆ ಅರ್ಧ ಕೆ.ಜಿ. ಇಳಿಸೋದು ಸುರಕ್ಷಿತ ಅಂತ ಐತಿ. ತಿಂಗಳಿಗೆ ಹತ್ತು ಕೆ.ಜಿ. ಅನ್ನೋ ರೀಲ್ಸ್ ನೋಡಿದಾಗ ಇದನ್ನ ನೆನಸ್ಕೊಳ್ರಿ.

5/8
ಡಬ್ಬಿ ಪರಿಚಯ, ಎಡದಿಂದ ಬಲಕ್ಕ: ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವೆ ಉಂಡಿ, ತಂಬಿಟ್ಟು. ಹಿಂದ ಕಾಣೋ ಕೈ ನಮ್ಮ ಅಕ್ಕಂದು. ಮದುವಿ ಆದ ಮ್ಯಾಲೆ ಪಂಚಮಿಗೆ ತವರಿಗೆ ಬಂದಾಳ.

ಹಬ್ಬದ ಹಿಂದಿನ ದಿನ ಕಾಟಾ ಹತ್ತಿದಾಗ 65.4. ಜುಲೈದಾಗ ಮತ್ತ ನಿಧಾನ ನಡೆದು, ಮೂರು ಹೊತ್ತು ಉಂಡು, ಗುಳಿಗಿ ತಗೊಂಡು ಬಂದ ನಂಬರ್ ಅದು. ಏಳು ದಿನ ಬಿಟ್ಟು ನಿಂತಾಗ 66.8. ಕಾಕಾ ಕನ್ನಡಕದ ಮ್ಯಾಲಿಂದ ನೋಡಿ, "ಉಂಡಿ ಖರೇನ ಛಲೋ ಆಗಿದ್ವು ಅಂತ ಆತು" ಅಂದ.

ಹಳೇ ನಾನು ಆಗಿದ್ರ ಅವತ್ತ ಊಟಾ ಬಿಡತಿದ್ದೆ. ಈ ಸಲ ಮತ್ತ ನೋಟ್‌ಬುಕ್ ತೆಗೆದೆ. 1.4 ಕೆ.ಜಿ. ಪೂರ್ತಿ ಕೊಬ್ಬು ಆಗಬೇಕಂದ್ರ ಖರ್ಚಿಗಿಂತ 10,780 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಅಂದ್ರ ಮೂರು ಹೊತ್ತಿನ ಊಟದ ಮ್ಯಾಲೆ ದಿನಾ ಎಂಟು ಉಂಡಿ. ನಾನು ತಿಂದದ್ದು ದಿನಾ ಎರಡು, ಹಬ್ಬದ ದಿನ ಐದು. ಎಂಟಲ್ಲ, ದೇವರಾಣಿ.

ಹಂಗಾದ್ರ ಉಳಿದ ತೂಕ ಎಲ್ಲಿಂದ ಬಂತು? ನೀರು. ನಾವು ತಿಂದ ರೊಟ್ಟಿ, ಅನ್ನ, ಬೆಲ್ಲದ ಒಂದು ಭಾಗವನ್ನ ಮೈ ಗ್ಲೈಕೋಜನ್ ಅಂತ ಮಾಡಿ ಸ್ನಾಯು ಮತ್ತು ಯಕೃತ್ತಿನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೋಡಿ ಸುಮಾರು ಮೂರು ಗ್ರಾಂ ನೀರು ಬರುತ್ತದೆ. ವ್ಯಾಯಾಮ ಬಿಟ್ಟು ಹೆಚ್ಚಿಗೆ ತಿಂದಾಗ ಈ ಗೋಡೌನ್ ತುಂಬುತ್ತದೆ. ಹಬ್ಬದ ಅಡಗಿಯ ಉಪ್ಪು, ಖಾರ, ಉಪ್ಪಿನಕಾಯಿ ಇನ್ನೊಂದಿಷ್ಟು ನೀರು ಹಿಡಿದಿಡುತ್ತದೆ. ಹಂಗಾಗಿ ಎರಡು ದಿನದಾಗ ಒಂದು ಕೆ.ಜಿ. ಏರಿದ್ರೂ ಗಾಬರಿ ಆಗೋ ಕಾರಣ ಇಲ್ಲ.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರ ಆ ಏರಿದ ತೂಕನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ರಿ. ಹತ್ತು ದಿನ ಬಿಟ್ಟು ನೋಡ್ರಿ, ಯಾವುದು ಖರೇ ಅಂತ ಗೊತ್ತಾಗತೈತಿ. ನಂದು ಹತ್ತು ದಿನದಾಗ 65.6ಕ್ಕ ಬಂತು. ಪಂಚಮಿ ವಾರದ ಬಿಲ್ ಅಷ್ಟ. ಅಕ್ಕನ ಜೋಡಿ ಜೋಕಾಲಿ ಆಡಿದ್ದಕ್ಕ, ರಾತ್ರಿ ಹನ್ನೆರಡರ ತನಕ ಮಾತಾಡಿದ್ದಕ್ಕ, ಅದು ಸೋವಿನ ಆತು.

6/8
ಇವೆರಡು ನಮ್ಮ ಅಜ್ಜನ ಎತ್ತು. ಫೋಟೋ ತೆಗೆದದ್ದು ಸೋಮವಾರ, ಅದಕ್ಕ ಇಷ್ಟು ಆರಾಮ ಮಲಗ್ಯಾವು. ಟ್ರ್ಯಾಕ್ಟರ್ ಬಂದ ಮ್ಯಾಲೂ ನಮ್ಮ ಕಡೆ ಎತ್ತು ಇಟ್ಟವರು ಸೋಮವಾರ ಹೂಡೂದಿಲ್ಲ. ಅದು ಬಸವಣ್ಣನ ವಾರ. ಬಿತ್ತಿಗೆ ಹೊತ್ತು ಮೀರಾಕತ್ತಿದ್ರೂ ಅಜ್ಜ ಆ ದಿನ ನೊಗಾ ಮುಟ್ಟಂಗಿಲ್ಲ.

ನನ್ನ ಮಾತಿಗೆ ಎದುರು ಮಾತು ಒಂದೈತಿ, ಅದು ಗಟ್ಟಿ ಮಾತು: "ಒಂದು ವಾರ ಅಂತ ಬಿಟ್ಟವರು ಮತ್ತ ಬರೂದಿಲ್ಲ." ಒಪ್ಪಿಕೊಳ್ಳತೀನಿ. ಸೆಕೆಂಡ್ ಪಿಯು ಪರೀಕ್ಷೆ ಮುಂದ ಹದಿನೈದು ದಿನ ಅಂತ ವಾಕಿಂಗ್ ಬಿಟ್ಟಾಕಿ ನಾನು ಎರಡು ವರ್ಷ ಶೂ ಹಾಕಿರಲಿಲ್ಲ. ಅಪ್ಪ ಅಂತೂ ಪೂರ್ತಿ ಬಿಡು ಅನ್ನೋ ಪಾರ್ಟಿ. 2021ರ ಅಕ್ಟೋಬರ್ 29ಕ್ಕ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮ್ಯಾಲೆ ನಮ್ಮಂಥ ಎಷ್ಟೋ ಮನ್ಯಾಗ ವ್ಯಾಯಾಮ ಅಂದ್ರ ಹೆದರಿಕಿ ಹೊಕ್ಕೈತಿ. ಅವತ್ತು ಮುಂಜಾನೆ ಅವರು ವ್ಯಾಯಾಮ ಮಾಡಿದ್ರು ಅನ್ನೋದು ಎಲ್ಲಾರಿಗೂ ಗೊತ್ತು. ಅದೊಂದರಿಂದನ ಹಂಗಾತು ಅನ್ನಾಕ ಬರೂದಿಲ್ಲ ಅಂತ ಎಷ್ಟು ಹೇಳಿದ್ರೂ ಅಪ್ಪ ಕೇಳೂದಿಲ್ಲ.

ಅಂತೂ ಒಂದು ಕಡೆ "ಒಂದು ದಿನಾನೂ ಬಿಡಬ್ಯಾಡ", ಇನ್ನೊಂದು ಕಡೆ "ಮುಟ್ಟಲೇಬ್ಯಾಡ". ಎರಡರ ನಡುವ ಏನೂ ಇಲ್ಲೇನು?

ಅಜ್ಜಗ ಕೇಳಿದೆ: "ಅಜ್ಜಾ, ಒಂದಿನ ಬಿಟ್ಟರ ಎತ್ತಿಗೆ ಸೋಮಾರಿತನ ಬರೂದಿಲ್ಲೇನು?" ಅಜ್ಜ ನಕ್ಕ. "ಸೋಮಾರ ಬಿಟ್ಟ ಎತ್ತು ಮಂಗಳಾರ ಹೂಡಾಕ ಒಲ್ಲೆ ಅಂದದ್ದು ನೋಡೀ ಏನ?"

ನೋಡಿಲ್ಲ. ಯಾಕಂದ್ರ ಮಂಗಳವಾರ ಹೋಗೋದು ಮೊದಲೇ ಗೊತ್ತೈತಿ. ಪಿಯುದಾಗ ನಾನು ಬಿಟ್ಟಾಗ ಮಂಗಳವಾರ ಯಾವಾಗ ಅಂತ ಇಟ್ಟುಕೊಂಡಿರಲಿಲ್ಲ. ತಪ್ಪು ಆದದ್ದು ಅಲ್ಲಿ.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ 12 ವಾರ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟ ಆಗೇತಿ. ಒಂದು ಹೊಸ ರೂಢಿ ಮೈಗೆ ಹತ್ತಾಕ ಸುಮಾರು 66 ದಿನ ಬೇಕಾತು. ಕೆಲವರಿಗೆ 18, ಕೆಲವರಿಗೆ 254. ನಡುವ ಒಂದು ಸಲ ತಪ್ಪಿದ್ರ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಅದು ಒಂದು ಸಲದ ಮಾತು, ವಾರದ್ದಲ್ಲ, ನಾನು ಸುಳ್ಳು ಹೇಳೂದಿಲ್ಲ. ಆದ್ರ "ಒಂದು ತಪ್ಪಿದ್ರ ಎಲ್ಲಾ ಸೊನ್ನಿ" ಅನ್ನೋದಕ್ಕ ಅಷ್ಟ ಸಾಕು.

7/8
ಇದು ಅವ್ವನ ಕೈ. ಮಣ್ಣು ಒಣಗೇತಿ, ತೊಳೆಯೋಕ್ಕಿಂತ ಮೊದಲು ಹಿಡಿದು ಫೋಟೋ ತೆಗೆದೆ. "ಇದನ್ಯಾಕ ತಗೀತಿ, ಹಬ್ಬದ ಸೀರಿ ಉಟ್ಟಾಗ ತಗೀ" ಅಂದ್ಲು.

ಹಬ್ಬ ಆದ ಮೂರನೇ ದಿನ ಮಳಿ ಬಿಡುವು ಕೊಟ್ಟಿತ್ತು. ಶೇಂಗಾ ಹೊಲದಾಗ ಕಸಾ ತೆಗಿಯಾಕ ಆಳು ಸಿಗಲಿಲ್ಲ. "ಅವ್ವಾ, ಈ ವಾರ ನಂದು ಬಿಡುವು" ಅಂದೆ. ಅವ್ವ ಬುತ್ತಿ ಕಟ್ಟಿಕೊಂತ ಅಂದ್ಲು: "ನಿಂದು ಬಿಡುವು ಅಂದ್ರ ಕಸಕ್ಕೂ ಬಿಡುವೇನು?"

ಹೋದೆ. ಮುಂಜಾನೆಯಿಂದ ಸಂಜಿತನಕ ಬಗ್ಗಿ ಕಸಾ ಕಿತ್ತೀವಿ. ಯರಿ ಮಣ್ಣು, ಕಾಲಿಗೆ ಎರಡೆರಡು ಕಿಲೋ ಅಂಟಿಕೊಂಡಿತ್ತು. ಸಂಜಿಗೆ ತೊಡಿ ಹಿಡಕೊಂಡು ಕುಂತೆ. ಆರು ತಿಂಗಳು ಸ್ಕ್ವಾಟ್ ಮಾಡಿದಾಕಿ ನಾನು. ಅವ್ವ ಹಂಗ ಹೋಗಿ ರೊಟ್ಟಿ ಬಡಿದ್ಲು.

ಅವತ್ತು ಸ್ಟೋರಿ ಹಾಕಬೇಕಂದ್ರ "ವ್ಯಾಯಾಮ ಇಲ್ಲ, ದಿನ 4" ಅಂತ ಹಾಕಬೇಕಿತ್ತು. ಎಂಥಾ ಲೆಕ್ಕ ಇದು? ಶೂ ಹಾಕಿ ನಡೆದ್ರ ವ್ಯಾಯಾಮ, ಬರಿಗಾಲಿನ್ಯಾಗ ಹೊಲಾ ಹೊಕ್ಕರ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದುಡಿಮೆ, ಮನೆಗೆಲಸ, ನಡೆದು ಹೋಗೋದು ಎಲ್ಲವನ್ನೂ ದೈಹಿಕ ಚಟುವಟಿಕೆ ಅಂತನ ಎಣಿಸುತ್ತದೆ. ನಾವು ಮಾತ್ರ ಫೋಟೋಕ್ಕ ಬರೋದನ್ನ ಎಣಿಸತೀವಿ.

ಅದರ ಜೋಡಿ ಇನ್ನೊಂದು ಹೊಳೀತು. ಒಂದು ವಾರ ಬಿಡತೀನಿ ಅಂತ ನಾನು ಸ್ಟೋರಿ ಹಾಕಿದೆ, ಜಗಳಾ ಆಡಿದೆ, ಎಂಟು ಪೋಸ್ಟ್ ಬರಿಯಾಕತ್ತೀನಿ. ಅವ್ವ ಒಂದು ದಿನ ಬಿಟ್ಟದ್ದು ನಾ ನೋಡಿಲ್ಲ. ಎತ್ತಿಗೆ ಸೋಮವಾರ ಐತಿ, ಅಕಿಗೆ ಯಾವ ವಾರ? ಬಿಡುವು ಕೆಟ್ಟದ್ದಲ್ಲ ಅಂತ ವಾದ ಮಾಡೋವಾಗ ನನ್ನ ಪಾಲಿನ ಬಿಡುವು ಅಷ್ಟ ಕೇಳಿ ಸುಮ್ನಾದ್ರ ಅದು ವಾದ ಅಲ್ಲ, ಮೈಗಳ್ಳತನ. ಈಗ ಐತವಾರ ರಾತ್ರಿ ಅಡಗಿ ನಂದು ಮತ್ತ ತಮ್ಮಂದು. ಅವ್ವ ಮೊದಲ ವಾರ ನಾಲ್ಕು ಸಲ ಎದ್ದು ಒಳಗ ಬಂದ್ಲು. ಎರಡನೇ ವಾರ ಎರಡು ಸಲ.

8/8
ಅದ ಶೂ. ಇವತ್ತಿನ ಫೋಟೋ, ಹಸಿ ಮಣ್ಣು ಮೆತ್ತೇತಿ. ಜೇಡ ಬ್ಯಾರೆ ಮನಿ ನೋಡಿಕೊಂಡೇತಿ.

ನಾನು ಬಿಟ್ಟಾಗ ಇಟ್ಟುಕೊಂಡ ನಿಯಮ ಬರೀತೀನಿ. ಬೇಕಾದ್ರ ತಗೊಳ್ರಿ.

ಬಿಡೋಕ್ಕಿಂತ ಮೊದಲು ವಾಪಸ್ ಹೋಗೋ ದಿನ ಬರೆದಿಡೋದು. ನಾನು ಕ್ಯಾಲೆಂಡರ್ ಮ್ಯಾಲೆ ಕೆಂಪು ಪೆನ್ನಿನಿಂದ ಬರೆದು, ಪಕ್ಕದ ಮನಿ ಅಕ್ಕಗ ಹೇಳಿ ಇಟ್ಟಿದ್ದೆ. ಅಕಿ ಆ ದಿನ ಐದೂವರೆಗೆ ಬಂದು ಬಾಗಿಲ ಬಡಿದ್ಲು. ಬೈದುಕೊಂತ ಎದ್ದೆ.

ಬಿಡುವಿನ ವಾರ ಮೂರು ಹೊತ್ತು ಉಣ್ಣೋದು. ಹಸಿವು ಇದ್ದಷ್ಟು, ಹಬ್ಬ ಇದ್ದಷ್ಟು. ನಿದ್ದಿ ಪೂರ್ತಿ ಮಾಡೋದು.

ಆ ವಾರ ಕಾಟಾ ಹತ್ತಬಾರದು. ನಾ ಹತ್ತಿ ಕಾಕಾನ ಕಡೆ ಅನ್ನಿಸಿಕೊಂಡೆ, ನೀವು ಹತ್ತಬ್ಯಾಡ್ರಿ.

ವಾಪಸ್ ಬಂದ ಮೊದಲ ಎರಡು-ಮೂರು ದಿನ ಅರ್ಧಕ್ಕ ಮುಗಿಸೋದು. ತಪ್ಪಿದ್ದನ್ನ ಕೂಡಿಸಿ ಒಮ್ಮೆಲೆ ತೀರಿಸೋ ಸಾಲ ಅಲ್ಲ ಇದು.

ಶುರು ಮಾಡಿ ಹತ್ತ ದಿನ ಆಗೇತಿ ಅನ್ನೋರು ಈಗ ಬಿಡುವು ಅಂತ ನನ್ನ ಹೆಸರು ಹೇಳಬ್ಯಾಡ್ರಿ. ಜ್ವರ, ನೋವು ಇದ್ರ ಮಾತು ಬ್ಯಾರೆ, ಆಗ ಬಿಡಲೇಬೇಕು. ಕಣ್ಣಿಗೆ ಕತ್ತಲಿ ಬಂದ್ರ, ಮುಟ್ಟು ನಿಂತುಹೋದ್ರ, ಏಣಿ ಹತ್ತಿದ್ರ ಏದುಸಿರು ಬಂದ್ರ ವ್ಯಾಯಾಮದ ವಿಡಿಯೋ ನೋಡಬ್ಯಾಡ್ರಿ, ಡಾಕ್ಟರ್‌ನ್ನ ನೋಡ್ರಿ. ರಕ್ತ ಎಷ್ಟೈತಿ ಅಂತ ಒಮ್ಮೆ ತೋರಿಸ್ಕೊಳ್ರಿ. ಸರಕಾರಿ ಆಸ್ಪತ್ರೆಗೆ ಹೋದ್ರ ಆತು.

ಇವತ್ತಿನ ತೂಕ 65.2. ಇನ್ನೂ ಇಳೀಬೇಕು. ದೀಪಾವಳಿಗೆ ಮತ್ತ ಒಂದು ವಾರ ಬಿಡತೀನಿ, ಈಗ ಹೇಳಿರತೀನಿ. ಆನಿ ಇಮೋಜಿ ಕಳಿಸೋರು ಆವಾಗಿಗೆ ರೆಡಿ ಇಟ್ಟುಕೊಳ್ರಿ.

ಇನ್ನ ಆ ಮೆಸೇಜ್ ಕಳಿಸಿದಾಕೀ, ಇದು ನಿನಗ. ಹದಿನೈದು ದಿನ ಬಿಟ್ಟಿ, ಆತು. ನಾಚಿಕಿ ಪಡೋ ಕೆಲಸ ಏನೂ ಮಾಡಿಲ್ಲ ನೀನು. ನಾಳೆ ಮಧ್ಯಾಹ್ನ ಡಬ್ಬಿ ತಗೊಂಡು ಕ್ಲಾಸಿಗೆ ಬಾ, ಕೂಡಿ ಉಣ್ಣೋಣು. ನಮ್ಮ ಮನಿ ಶೇಂಗಾ ಉಂಡಿ ಎರಡು ಉಳಿದಾವು, ಒಂದು ನಿಂದು. ವಾಕಿಂಗ್ ಮಂಗಳವಾರದಿಂದ ಶುರು ಮಾಡು. ಯಾವ ಮಂಗಳವಾರ ಅನ್ನೋದು ಮಾತ್ರ ನಾಳೆ ನನಗ ಹೇಳಬೇಕು.

#ಸಂಶಿ #ಪಂಚಮಿ #ಉಂಡಿ_ಲೆಕ್ಕ #ಮಂಗಳವಾರ_ಶುರು